ಮುಚ್ಚಳ ಹಾಕಿದ ಮೇಲಿನ ಶ್ರುತಿ

ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ವಾದ್ಯ ರಿಪೇರಿ ಮಾಡುವ ಅವಳನ್ನು ಇಡೀ ಬೀದಿ ಕಿವಿಯಕ್ಕ ಎಂದೇ ಕರೆಯುತ್ತಿತ್ತು. ಕೆಳಗೆ ಬೋಲ್ಟ್ ಬಿಗಿಯುವ ಸದ್ದು ಕೇಳಿಯೇ "ಅದಿನ್ನೂ ಕೂತಿಲ್ಲ ಕಣಣ್ಣ" ಎಂದು ಕಿಟಕಿಯಿಂದ ಕೂಗುವವಳು. ಅಂಥ ಕಿವಿಯೇ ಈಗ ಕೈಕೊಟ್ಟಂತಿತ್ತು.

ಮೇಜಿನ ಮೇಲೆ ಅಪ್ಪನ ಕಾಲದ ಕೀಬೋರ್ಡು, ಆ ಹಳೆಯ ಸಿಂಥಸೈಜರ್, ಹೊಟ್ಟೆ ತೆರೆದುಕೊಂಡು ಮಲಗಿತ್ತು. ಅದನ್ನು ನುಡಿಸುವ ತಮ್ಮ ಎದುರಿಗೆ ಶೂ ಹಾಕಿಕೊಂಡೇ ಕುಳಿತಿದ್ದ. ಹೋದ ಕಾರ್ಯಕ್ರಮದಲ್ಲಿ ಮೂರನೆಯ ಹಾಡಿಗೆ ಅದು ಶ್ರುತಿ ಬಿಟ್ಟು, ಹಾಡುವವಳು ಅತ್ತ, ವಾದ್ಯ ಇತ್ತ ಆಗಿ, ಜನ ನಕ್ಕಿದ್ದರು. "ಮತ್ತೆ ಹೀಗಾದರೆ ನಿನ್ನ ಜಾಗದಲ್ಲಿ ಬೇರೆಯವರು ಕೂರ್ತಾರೆ" ಎಂದಿದ್ದರು ತಂಡದ ಮೇಷ್ಟ್ರು. ಆಡಿದ್ದನ್ನು ಮಾಡುವ ಮನುಷ್ಯ. ಇವತ್ತು ಸಂಜೆಯೇ ಮುಂದಿನ ಕಾರ್ಯಕ್ರಮ; ವ್ಯಾನು ಇನ್ನೇನು ಬರಬೇಕು.

ಹೋದ ಸಲ ಶ್ರುತಿ ಕೂರಿಸಿದ್ದವಳೂ ಕಿವಿಯಕ್ಕನೇ.

ಸ್ವರ ಹುಟ್ಟಿಸುವ ಆಸಿಲೇಟರ್‌ಗಳು ಒಳಗೆ ಎರಡು, ಓರಗಿತ್ತಿಯರಿದ್ದಂತೆ. ಸ್ಕ್ರೂ ತಿರುಗಿಸಿ ಕೆಳಗಿನ ಸ್ವರದಲ್ಲಿ ಹೊಂದಿಸಿದರೆ ಮೇಲಿನ ಸ್ವರದಲ್ಲಿ ಮುನಿಸು. ಮೇಲೆ ಸಮಾಧಾನ ಮಾಡಿ ಬಂದರೆ ಕೆಳಗೆ ಮತ್ತೆ ಬಿಗುಮಾನ. ಹೊಂದದಿದ್ದಾಗ ನಾದದೊಳಗೆ ವಂವ್ ವಂವ್ ಎಂದು ಅಲೆ ಏಳುತ್ತದೆ. ಹೊಂದುತ್ತ ಬಂದಂತೆ ಅಲೆ ನಿಧಾನವಾಗಿ, ಕೊನೆಗೆ ನಿಲ್ಲಬೇಕು. ಬೆಳಗ್ಗೆಯಿಂದ ಎರಡು ಸಲ ನಿಲ್ಲಿಸಿದ್ದಳು. ಎರಡು ಸಲವೂ ಮುಚ್ಚಳ ಹಾಕಿ ಸ್ವಲ್ಪ ಹೊತ್ತಿಗೆ ಅಲೆ ಎದ್ದಿತ್ತು.

"ಇದಕ್ಕೆ ವಯಸ್ಸಾಯ್ತು ಅಕ್ಕ. ನಿಂಗೂ."

"ಬಾಯ್ಮುಚ್ಚೋ. ನೀನು ಹುಟ್ಟಿ ಮೊದಲ ಸಲ ಅತ್ತಾಗಲೇ ಅಪಶ್ರುತಿ ಅಂತ ಗುರುತು ಹಿಡಿದ ಕಿವಿ ಇದು."

"ಅದನ್ನ ಮೇಷ್ಟ್ರಿಗೆ ಹೇಳು" ಎಂದು ನಕ್ಕ. ಕಣ್ಣು ಮಾತ್ರ ಕಿಟಕಿಯ ಕಡೆಗೇ ಇತ್ತು.

ಮೂರನೆಯ ಸಲ ಅಲೆ ನಿಲ್ಲಿಸಿದಳು. ಇನ್ನೂ ಸೂಕ್ಷ್ಮವಾಗಿ ಕೇಳೋಣವೆಂದು ಬರ‍್ರೆನ್ನುತ್ತಿದ್ದ ಟೇಬಲ್ ಫ್ಯಾನ್ ಆರಿಸಿದಳು. ಯಾರೂ ಮುಟ್ಟಲಿಲ್ಲ, ನಿಂತ ಅಲೆ ಮೆಲ್ಲಗೆ ಎದ್ದಿತು. ಫ್ಯಾನ್ ಹಾಕಿದಳು. ಅಲೆ ತಣ್ಣಗೆ ಮಲಗಿತು.

ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟಳು.

"ಅಪ್ಪ ಕೆಲಸ ಮಾಡುವಾಗ ಫ್ಯಾನ್ ಯಾಕೆ ಹಾಕ್ತಿರಲಿಲ್ಲ ಹೇಳೋ?"

"ಕರೆಂಟ್ ಉಳಿಸೋಕೆ. ಅಮ್ಮ ಜಿಪುಣ ಅಂತ ಬೈತಿರಲಿಲ್ವಾ?"

"ನಾನೂ ಹಂಗೇ ಅಂದ್ಕೊಂಡಿದ್ದೆ ಕಣೋ."

ಸೆಕೆ ತಾಳದೆ ಗಾಳಿಗೆ ಕೂತು, ಹೊಟ್ಟೆ ತಂಪಾದ ಯಂತ್ರಕ್ಕೆ ಶ್ರುತಿ ಕೂರಿಸಿದ್ದಳು. ಮುಚ್ಚಿ ಬಿಸಿಯಾದರೆ ಅದರ ಸ್ವರವೇ ಬೇರೆ. ಮುಚ್ಚಿಯೇ ಕೂರಿಸಬೇಕು, ಸ್ಕ್ರೂಗಳೋ ಮುಚ್ಚಳದ ಒಳಗೆ. ಚಿಕ್ಕಂದಿನಲ್ಲಿ ಮೇಜಿನ ಕೆಳಗೆ ಕೂತು ನೋಡಿದ್ದು ನೆನಪಾಯಿತು: ವಾದ್ಯದ ಹಿಂದೆ ಆಡುತ್ತಿದ್ದ ಅಪ್ಪನ ಮೊಣಕೈ. ಮುಚ್ಚಳದ ಹಿಂಬದಿ ಸವರಿದಳು. ಅಪ್ಪ ಕೊರೆದ ತೂತುಗಳು ಅಲ್ಲಿದ್ದವು, ಸ್ಕ್ರೂಗಳ ನೇರಕ್ಕೆ. ಗಾಳಿಗೆಂದುಕೊಂಡಿದ್ದಳು. ತಮ್ಮ ಅವುಗಳ ಮೇಲೆ ತಂಡದ ಫೋಟೋದ ಸ್ಟಿಕ್ಕರ್ ಅಂಟಿಸಿದಾಗ ಬೇಡವೆಂದಿರಲಿಲ್ಲ.

ಫ್ಯಾನ್ ಆರಿಸಿ ಮುಚ್ಚಳ ಬಿಗಿದಳು. ಕೆಳಗೆ ಹಾರ್ನ್ ಕೇಳಿತು.

"ಬಂದ್ರು! ಬೇಗ ಅಕ್ಕ!"

"ಬಿಸಿಯಾಗಲಿ ಇರು."

"ಅನ್ನ ಬೇಯಿಸ್ತಿದೀಯಾ?"

"ಹೌದು, ನಿಂದೇ ಅನ್ನ."

ಹಾರ್ನ್ ಮತ್ತೆ, ಈ ಸಲ ಉದ್ದಕ್ಕೆ. ತಮ್ಮ ಕಿಟಕಿಗೆ ಓಡಿ "ಬಂದೇ ಬಂದೇ" ಎಂದು ಕೂಗಿದ. ಅವಳು ಮುಚ್ಚಳದ ಮೇಲೆ ಅಂಗೈ ಇಟ್ಟು, ಜ್ವರ ನೋಡುವವಳಂತೆ ಕಾದಳು. ಬೆವರು ಕಣ್ಣಿಗಿಳಿಯಿತು. ಕೈಗೆ ಬಿಸಿ ಇನ್ನು ಏರುತ್ತಿಲ್ಲ ಎನಿಸಿದ ಮೇಲೆ ಸ್ಕ್ರೂಡ್ರೈವರನ್ನು ಸ್ಟಿಕ್ಕರಿನ ಮೂಲಕವೇ ತೂತಿಗೆ ಇಳಿಸಿದಳು.

"ಅಯ್ಯೋ, ನನ್ನ ಮೂಗು!"

"ಮೂಗು ಹೋದರೂ ಮಾನ ಉಳೀಲಿ. ಕೆಳಗಿನ ಸ್ವರ ಒತ್ತು. ಈಗ ಮೇಲಿನದು. ಕೆಳಗಿನದು."

ವಂವ್ ವಂವ್... ವಂ...ವ್... ಅಲೆ ನಿಂತಿತು. ಅವಳು ಕೈ ತೆಗೆಯಲಿಲ್ಲ. ಹಾರ್ನ್ ಮೂರನೆಯ ಸಲ ಅರಚಿತು. ನಾದ ಅಲುಗಲಿಲ್ಲ.

"ಹೊರಡು. ನಾನೂ ಬರ್ತೀನಿ."

ವೇದಿಕೆಯಲ್ಲಿ ವಾದ್ಯವನ್ನು ಮೊದಲೇ ಚಾಲೂ ಮಾಡಿ ಬಿಸಿಗಿಟ್ಟು, ಪಕ್ಕದ ಪರದೆಯ ಹಿಂದೆ ನಿಂತು ಕೇಳಿದಳು. ಮೊದಲ ಹಾಡು ಮುಗಿಯಿತು, ಎರಡನೆಯದೂ. ಮೂರನೆಯದಕ್ಕೆ ತಮ್ಮ ಹೋದ ಸಲ ಕೈಕೊಟ್ಟ ಆ ಉದ್ದನೆಯ ಸ್ವರ ಹಿಡಿದಾಗ ಮೇಷ್ಟ್ರು ತಲೆ ಎತ್ತಿ ಅವನನ್ನೇ ನೋಡಿದರು. ಹಾಡುವವಳ ದನಿ ಬಂದು ಅದರ ಮೇಲೆ ಕೂತಿತು. ಅಲೆ ಏಳಲಿಲ್ಲ. ಮೇಷ್ಟ್ರು ಹಾಳೆ ಮಗುಚಿದರು. ಅವರು ಬೈಯಲಿಲ್ಲವೆಂದರೆ ಹೊಗಳಿದ ಹಾಗೆ.

ಪರದೆಯ ಹಿಂದೆ ಒಂದು ಫ್ಯಾನ್ ತಿರುಗುತ್ತಿತ್ತು. ಅವಳು ಈಗ ಅದರೆದುರು ಹೋಗಿ ನಿಂತು, ಬೆವರಿಗೆ ಒದ್ದೆಯಾಗಿದ್ದ ಕತ್ತನ್ನು ಗಾಳಿಗೆ ಒಡ್ಡಿದಳು.