ಮಾವನಿಗೆ ಕೇಳಿಸಬೇಕಾದ ಹಾಡು

ನನ್ನ ಬುಧವಾರದ ಡೈರಿಯಲ್ಲಿ ಇಷ್ಟೇ ಇದೆ. ಮೂತ್ರ ಹಳದಿ. ರೇಡಿಯೋದಲ್ಲಿ ಹಾಡು ಬಂತು, ಈ ತಿಂಗಳಲ್ಲಿ ನಾಲ್ಕನೇ ಸಲ.

ಅದೊಂದು ಇಂಗ್ಲಿಷ್ ಹಾಡು. ಬಿಟ್ಟು ಬಂದ ಊರಿನ ಸಂಜೆಗಳನ್ನು ಒಬ್ಬ ನೆನೆಯುತ್ತಾನೆ. ಮೊದಲು ಗಿಟಾರ್ ಒಂದೇ, ಮೆಲ್ಲಗೆ. ಆಮೇಲೆ ಡ್ರಮ್ ಸೇರಿದಾಗ ಹೋದದ್ದೆಲ್ಲ ಓಡಿ ಬಂದು ಬಾಗಿಲಲ್ಲಿ ನಿಂತ ಹಾಗಾಗುತ್ತದೆ. ಯಲ್ಲದಕೆರೆಯಿಂದ ಚಿತ್ರದುರ್ಗದ ಕಾಲೇಜಿಗೆ ಬಂದ ನಾನು ಕಳೆದುಕೊಂಡದ್ದೇನೂ ಇರಲಿಲ್ಲ. ಆದರೂ ಅದನ್ನು ಕೇಳುವಾಗ ಏನನ್ನೋ ಕಳೆದುಕೊಂಡವನ ಸುಖ ಸಿಗುತ್ತಿತ್ತು. ಹಾಸ್ಟೆಲಿನ ಸೀನಿಯರ್ ಬಿಟ್ಟುಹೋದ ಗಿಟಾರಿನಲ್ಲಿ ಅದನ್ನು ಪೂರ್ತಿ ಕಲಿತಿದ್ದೆ.

ಶನಿವಾರ ಕಣ್ಣೂ ಹಳದಿಯಾಯಿತು. ಊರಿಗೆ ಬಂದೆ. ಅವ್ವ ತನ್ನ ತಮ್ಮನನ್ನು ಕರೆಸಿದಳು. ಕುರಿ ಸಾಕುವ ನಮ್ಮ ಮನೆಗಳಲ್ಲಿ ಕುರಿಗೆ ಕಾಯಿಲೆಯಾದರೂ ಮನುಷ್ಯರಿಗೆ ಕಾಮಾಲೆಯಾದರೂ ಬರೆ ಹಾಕುವವನು ಈ ಮಾವನೇ.

"ಆಸ್ಪತ್ರೆಗೆ ಹೋಗಾಣ ಮಾವ."

"ಆಸ್ಪತ್ರೆಯೋರು ಏನ್ ಕಿಸೀತಾರ್ಲೇ? ಬಲಗೈ ಬ್ಯಾಡ, ಓದೋ ಹುಡುಗ, ಬರಿಯೋ ಕೈ ಅದು. ಎಡಗೈ ಕೊಡು."

ಅವ್ವ ಭುಜ ಹಿಡಿದುಕೊಂಡಳು. ಕಾದ ಕಬ್ಬಿಣ ಎಡ ಮುಂಗೈಯ ಒಳಮಗ್ಗುಲಿಗೆ ಕೂತಿತು.

ಗಾಯ ಕೀವಾಯಿತು. ಜ್ವರ ಏರಿತು. ಚಿತ್ರದುರ್ಗದಲ್ಲಿ ಅಡ್ಮಿಟ್ ಮಾಡಿಕೊಂಡ ಡಾಕ್ಟರ್, ಜಾಂಡೀಸ್ ರೆಸ್ಟ್‌ನಲ್ಲೇ ಇಳಿಯುತ್ತಿತ್ತು, ಇನ್ಫೆಕ್ಷನ್ ಬೆರಳು ಮಡಚುವ ಟೆಂಡನ್‌ಗೆ ಹೋಗಿದೆ ಎಂದರು.

"ಎರಡು ಬೆರಳು ಪೂರ್ತಿ ಮಡಚೋಕಾಗಲ್ಲ. ಎಡಗೈ ತಾನೆ, ಬರೆಯೋಕೆ ತೊಂದರೆಯಿಲ್ಲ."

ಗಿಟಾರಿನ ತಂತಿ ಒತ್ತುವುದು ಎಡಗೈ.

ಮಾವ ವಾರ್ಡಿಗೆ ಬಂದ. "ನೋಡಕ್ಕ, ಕಣ್ಣು ಬೆಳ್ಳಗಾಗ್ಯಾವೆ! ನಾನ್ ಹೇಳ್ಲಿಲ್ವಾ?" ಪಕ್ಕದ ಬೆಡ್ಡಿನವರಿಗೂ ಊರಿನ ದಾರಿ ಹೇಳಿದ: "ಕಾಮಾಲೆ ಆದ್ರೆ ಸೀದಾ ಬರ್ರಿ." ಅದೇ ಕಬ್ಬಿಣವನ್ನು ಅವನ ನಾಲಿಗೆಗೆ ಇಡಬೇಕೆನಿಸಿತು. ಮೈಯಲ್ಲಿ ಎದ್ದು ಕೂರುವ ಶಕ್ತಿ ಇರಲಿಲ್ಲ. ಸಿಟ್ಟು ಮಾತ್ರ ದಿನಾ ಗಟ್ಟಿಯಾಗುತ್ತಿತ್ತು, ಮತ್ತು ನಿಜ ಹೇಳಬೇಕೆಂದರೆ ರುಚಿಯಿಲ್ಲದ ಆ ಪಥ್ಯದ ಅನ್ನವನ್ನು ನಾನು ಉಂಡದ್ದು ಆ ಸಿಟ್ಟನ್ನು ಸಾಕುವುದಕ್ಕೇ.

ಡಿಸ್ಚಾರ್ಜ್ ಆದ ಮೇಲೆ ಹಾಸ್ಟೆಲಿನಿಂದ ಗಿಟಾರ್ ತರಿಸಿ, ಮಾವನನ್ನು ಜಗಲಿ ಮೇಲೆ ಕೂರಿಸಿ ಬಾರಿಸಿದೆ. ಡ್ರಮ್ ಸೇರಬೇಕಾದ ಜಾಗಕ್ಕೆ ಬರುತ್ತಲೇ ತಂತಿ ಕರಕರ ಅಂದಿತು.

"ಇದೇನ್ಲೇ, ತಗಡು ಕೆರೆದಂಗೈತೆ!"

"ಇಲ್ಲಿಂದ ಮುಂದಕ್ಕೆ ಈ ಎರಡು ಬೆರಳು ಬೇಕು ಮಾವ. ನೀನು ಸುಟ್ಟಿದ್ದು ಇವನ್ನೇ."

ಮಾವ ನನ್ನ ಕೈಯನ್ನೇ ನೋಡಿದ. "ಸಾಕು ಬಿಡ್ಲೇ."

"ಎಲ್ಲಿ ಸಾಕು? ಕುಂತ್ಕ. ಇನ್ನೊಂದ್ಸಲ."

ದಿನಾ ಸಂಜೆ ಇದೇ ಆಯಿತು. ಅವನು ತಪ್ಪಿಸಿಕೊಂಡರೆ ಅವನ ಮನೆಗೇ ಹೋದೆ. ಹಾಡಿನ ಅರ್ಥವೂ ಬದಲಾಯಿತು. ಮೊದಲು ಅದರ ನೋವು ಎರವಲು ತಂದದ್ದಾಗಿತ್ತು. ಈಗ ಮರಳಿ ಹೋಗಲಾಗದ ಸಂಜೆಗಳು ನನಗೂ ಇವೆ. ಅವನ್ನು ಕೊಟ್ಟವನು ಮಾವ.

ಮೊನ್ನೆ ಧರ್ಮಪುರದ ಕಡೆಯಿಂದ ಒಬ್ಬರು ಕಣ್ಣು ಹಳದಿಯಾದ ಮಗಳನ್ನು ಎತ್ತಿಕೊಂಡು ಬಂದರು. ಮಾವ ಒಲೆಯ ಕಡೆಗೆ ಹೋಗಲಿಲ್ಲ. "ಆಸ್ಪತ್ರೆಗೆ ಹೋಗ್ರಿ, ಬಸ್ ಐತೆ," ಎಂದು ತಾನೇ ಹತ್ತಿಸಿ ಬಂದ.

ಆ ಹುಡುಗಿಯ ಕೈ ಉಳಿಯಿತು. ನನ್ನ ಲಿವರ್ ಕೂಡ ಸರಿಹೋಗಿದೆ. ಎರಡಕ್ಕೂ ನಾನು ಕೃತಜ್ಞ.

ಮಾವ ನನ್ನೆದುರು ಬಂದು ನಿಂತ. "ಇನ್ನಾದ್ರೂ ಬಿಡ್ತೀಯೇನಪ್ಪ?"

ನಾನು ಗಿಟಾರ್ ಎತ್ತಿಕೊಂಡೆ. ಅವನು ಕೂತ.