ಮಾಂಜಿ ಸುಟ್ಟ ಭಾನುವಾರ

ನನ್ನ ಭಾವ, ಅಂದರೆ ದೊಡ್ಡಕ್ಕನ ಗಂಡ, ಆಯುಷ್ಯದ ಬಹುಪಾಲನ್ನು ಮುಂಬೈಯ ಒಂದು ದೊಡ್ಡ ಹೋಟೆಲಿನಲ್ಲಿ ಕಳೆದವರು. ಯಾವ ಊಟಕ್ಕೆ ಯಾವ ವೈನ್ ಒಪ್ಪುತ್ತದೆ ಎಂದು ಗಿರಾಕಿಗಳಿಗೆ ಹೇಳಿ, ಬಾಟಲಿ ತೆರೆದು ಬಗ್ಗಿಸಿ ಕೊಡುವುದು ಅವರ ಕೆಲಸ. ಊರಿನಲ್ಲಿ ಇದನ್ನು ಬಿಡಿಸಿ ಹೇಳಿದರೆ ‘ಶರಾಬು ಕೊಡುವವ’ ಎಂದಾರೆಂದು ಸೂಪರ್‌ವೈಸರ್ ಎಂದಷ್ಟೇ ಹೇಳಿಕೊಂಡಿದ್ದರು. ಬ್ರಹ್ಮಾವರದ ಮನೆಯಲ್ಲಿ ಮಕ್ಕಳನ್ನೂ ಗದ್ದೆಯನ್ನೂ ನೋಡಿಕೊಂಡಿದ್ದ ಅಕ್ಕನಿಗೂ ಗೊತ್ತಿದ್ದದ್ದು ಅಷ್ಟೇ. ಒಮ್ಮೆ ಮುಂಬೈಗೆ ಹೋಗಿದ್ದಾಗ ಹೋಟೆಲಿನವರ ಬಾಯಿಂದ ನನಗೆ ಮಾತ್ರ ತಿಳಿದಿತ್ತು, ನಾನೂ ಯಾರಿಗೂ ಹೇಳಿರಲಿಲ್ಲ.

ಕೊರೊನಾ ಬಂದಾಗ ಭಾವನಿಗೂ ಬಂತು. ಜ್ವರ ಇಳಿಯಿತು, ಕೆಮ್ಮು ನಿಂತಿತು, ಹೋದ ವಾಸನೆ ಮಾತ್ರ ಮರಳಲಿಲ್ಲ. ಮೂಸಿ ನೋಡಲಾಗದವರಿಗೆ ಆ ಕೆಲಸದಲ್ಲಿ ಜಾಗವೆಲ್ಲಿ? ಆಫೀಸಿನಲ್ಲಿ ಕೂತುಕೊಳ್ಳಿ ಎಂದರಂತೆ ಹೋಟೆಲಿನವರು. ಬೇಡವೆಂದು ಊರಿಗೆ ಬಂದುಬಿಟ್ಟರು.

ಬಂದವರು ಉಣ್ಣುವುದನ್ನೇ ಕಡಿಮೆ ಮಾಡಿದರು. ಒಂದು ದಿನ ಅಕ್ಕ ಫೋನಿನಲ್ಲಿ, “ಎಂತ ಮಾಡಿ ಹಾಕಿರೂ ಎರಡ್ ತುತ್ತ್ ತಿಂದ್ ಏಳ್ತ್ರ್ ಮಾರಾಯ. ಮಣ್ಣ್ ತಿಂದಂಗ್ ಆತ್ತ್ ಅಂತ್ರ್. ನೀನೊಂದ್ಸಲ ಬಾ,” ಎಂದಳು.

ಭಾನುವಾರ ಬೆಳಿಗ್ಗೆ ಗಂಗೊಳ್ಳಿಯ ಮಾಂಜಿ ಮೀನು ಸಿಕ್ಕಿತು, ಅಂಗೈಗಿಂತ ಅಗಲದ್ದು, ಕಣ್ಣು ಇನ್ನೂ ಹೊಳೆಯುತ್ತಿತ್ತು. ಅಕ್ಕನ ಮನೆಗೆಂದು ಕುಂದಾಪುರ ಬಿಡುವ ಮೊದಲು ಏನನ್ನಿಸಿತೋ, ವೈನ್ ಶಾಪಿನ ಮುಂದೆ ಗಾಡಿ ನಿಲ್ಲಿಸಿ ವೈನ್ ಕೇಳಿದೆ. ಅಂಗಡಿಯವನು ನನ್ನ ಮುಖವನ್ನೇ ನೋಡಿದ. “ವೈನ್ ಬೋರ್ಡಲ್ ಮಾತ್ರ ಇಪ್ಪುದ್ ಸರ್, ಯಾರ್ ಕೇಂತ್ರ್?” ಎನ್ನುತ್ತ ಒಳಗಿನಿಂದ ಧೂಳು ಹಿಡಿದ ಎರಡು ಬಗೆಯ ಬಿಳಿ ವೈನ್ ತಂದ. ಯಾವುದೆಂದು ತಿಳಿಯದೆ ಎರಡನ್ನೂ ಕೊಂಡೆ.

ಬಾಟಲಿ ಕಂಡು ಭಾವ ಸಿಡುಕಿದರು. “ಇದೆಂತಕ್ಕೆ ತಂದದ್ದ್? ಕುರುಡನ ಕೈಗೆ ಕನ್ನಡಿ ಕೊಟ್ಟಂಗೆ.”

ಬಾಟಲಿಗಳನ್ನು ಫ್ರಿಜ್ಜಿನಲ್ಲಿಟ್ಟು ಅಂಗಳಕ್ಕೆ ಬಂದು ತೆಂಗಿನ ಗೆರಟೆಗೆ ಬೆಂಕಿ ಹಾಕಿದೆ. ಅಕ್ಕ ಒಣಮೆಣಸು, ಕೊತ್ತಂಬರಿ, ಜೀರಿಗೆ ಹುರಿದು, ಬೆಳ್ಳುಳ್ಳಿ ಹುಣಸೆಹುಳಿಯ ಜೊತೆ ಗಟ್ಟಿಯಾಗಿ ಅರೆದಳು. ಗೀರು ಹಾಕಿದ ಮೀನಿಗೆ ಒಳಹೊರಗೆ ಮೆತ್ತಿ, ಬಾಡಿಸಿದ ಬಾಳೆಲೆಯಲ್ಲಿ ಸುತ್ತಿ ಕೆಂಡದ ಮೇಲಿಟ್ಟಳು. ಎಲೆ ಕರಿಯಾಗುತ್ತ ಬಂದಂತೆ ಮಸಾಲೆಯ ಘಮ ಅಂಗಳ ತುಂಬಿತು. ಜಗಲಿಯಲ್ಲಿ ಕೂತ ಭಾವ ಹೊಗೆ ಬರುವ ಕಡೆಗೇ ಮುಖ ಮಾಡಿದ್ದರು.

ಸ್ವಲ್ಪ ಹೊತ್ತಿಗೆ ತಾವೇ ಒಳಗೆದ್ದು ಹೋಗಿ ಬಾಟಲಿಗಳನ್ನು ತಂದರು. ಎರಡು ಸ್ಟೀಲ್ ಲೋಟಕ್ಕೆ ಒಂದೊಂದರಿಂದ ಚೂರು ಬಗ್ಗಿಸಿ ಅಕ್ಕನನ್ನು ಕರೆದರು.

“ಹ್ವಾಯ್, ಇಲ್ ಬಾ. ಇದನ್ನೊಂಚೂರ್ ಮೂಸ್ ಕಾಂಬ.”

“ನಾನಾ? ನಂಗೆಂತ ಗೊತ್ತಾತ್ತ್?”

“ನಿನ್ ಮೂಗ್ ಸರಿ ಇತ್ತಲ್ಲ. ವಾಸ್ನೆ ಹ್ಯಾಂಗಿತ್ತ್ ಹೇಳ್, ಸಾಕ್.”

ಅಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು ನಾಚುತ್ತಲೇ ಮೊದಲ ಲೋಟಕ್ಕೆ ಮೂಗು ತಂದಳು. “ಹಸಿ ಮಾಯ್ನಕಾಯಿ ತೊಟ್ಟ್ ಮುರ್ದಂಗ್... ಲಿಂಬೆ ಸಿಪ್ಪೆನೂ ಇತ್ತ್.” ಎರಡನೆಯದನ್ನು ಎರಡೆರಡು ಸಲ ಮೂಸಿದಳು. “ಇದ್ರಗೆ ಹಣ್ಣಿನ್ ಪರಿಮಳ. ಅನಾನಸ್ ಕೊಯ್ದಂಗ್. ಒಂಚೂರ್ ಜೇನೂ ಇತ್ತಾ ಅಂತ.”

ಭಾವ ಕಣ್ಣು ಮುಚ್ಚಿ ಕೇಳುತ್ತಿದ್ದರು. ಎಷ್ಟೋ ತಿಂಗಳ ಮೇಲೆ ಅವರ ಮುಖದ ಗಂಟು ಸಡಿಲವಾದದ್ದನ್ನು ಕಂಡೆ. “ಎರಡ್ನೇದೇ ಸೈ,” ಎಂದರು. ಖಾರದ ಮೇಲೆ ಹುಳಿ ವೈನ್ ಕುಡಿದರೆ ಬಾಯಿ ಇನ್ನೂ ಉರಿಯುತ್ತದಂತೆ. ತುಸು ಸಿಹಿಯಿದ್ದರೆ ಖಾರ ತಣಿದು ಮೀನಿನ ರುಚಿ ನಿಲ್ಲುತ್ತದಂತೆ. ನನಗೂ ಅಕ್ಕನಿಗೂ ಅವರು ತಮ್ಮ ಕೆಲಸದ ಮಾತನ್ನು ಆಡಿದ್ದು ಅದೇ ಮೊದಲು.

ಊಟಕ್ಕೆ ಅಕ್ಕನನ್ನು ಮೊದಲು ಕೂರಿಸಿದರು. ಬಿಳಿ ಟವೆಲ್ಲೊಂದನ್ನು ಮೊಣಕೈಗೆ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಬಲಗಡೆಯಿಂದ ಬಗ್ಗಿ ಲೋಟಕ್ಕೆ ಒಂದು ಹನಿಯೂ ಚೆಲ್ಲದಂತೆ ವೈನ್ ಬಗ್ಗಿಸಿದರು. ನಾನು ನಕ್ಕೆ. ಅಕ್ಕ ನಗಲಿಲ್ಲ.

“ಇಷ್ಟ್ ವರ್ಷ ಯಾರ್ಯಾರಿಗೋ ಹೀಂಗೆ ಬಡಿಸಿದ್ರಿ ಅಲ್ದಾ?” ಎಂದಳು.

“ಹೌದ್ ಮಾರಾಯ್ತಿ,” ಎಂದು ಭಾವ ಅವಳ ಪಕ್ಕದಲ್ಲೇ ಕೂತರು.

ಅಕ್ಕ ಒಂದು ಗುಟುಕು ಕುಡಿದು ಮುಖ ಹಿಂಡಿದಳು, ಮೀನು ತಿಂದು ಇನ್ನೊಂದು ಗುಟುಕು ಕುಡಿದಳು. ಭಾವನಿಗೆ ಖಾರ, ಹುಳಿ, ಉಪ್ಪು ನಾಲಿಗೆಗೆ ತಾಗುತ್ತಿದ್ದವು. ಉಳಿದದ್ದನ್ನು ಅಕ್ಕ ಹೇಳುತ್ತ ಹೋದಳು: ಬೆಳ್ಳುಳ್ಳಿಯ ಘಮ ಎಲ್ಲಿ ಗಾಢವಾಗಿದೆ, ಎಲೆಯ ಹೊಗೆ ಎಲ್ಲಿ ಹಿಡಿದಿದೆ. ಕೇಳುತ್ತ ಕೇಳುತ್ತ ಅವರು ಇಡೀ ಮೀನನ್ನು ಮುಳ್ಳು ಮಾತ್ರ ಬಿಟ್ಟು ತಿಂದರು. ಅಕ್ಕ ನನ್ನ ಕಡೆ ನೋಡಿದಳು.

ವಾಸನೆ ಈಗಲೂ ಪೂರ್ತಿ ಬಂದಿಲ್ಲ. ಬಂದಷ್ಟೂ ಅಡ್ಡಾದಿಡ್ಡಿ, ಕೆಲವು ದಿನ ಕಾಫಿ ಸುಟ್ಟ ಟಯರಿನಂತೆ ನಾರುತ್ತದೆ ಎಂದು ಅವರೇ ನಗುತ್ತಾರೆ. ಮುಂಬೈಗೆ ಮತ್ತೆ ಹೋಗಲಿಲ್ಲ. ಮರವಂತೆ ಕಡೆಯ ರೆಸಾರ್ಟೊಂದರಲ್ಲಿ ಹೊಸಬರಿಗೆ ವೈನ್ ಬಡಿಸುವುದನ್ನು ಕಲಿಸಲು ಹೋಗುತ್ತಾರೆ. ಕೇಳಿದವರಿಗೆ ಈಗ ತಮ್ಮದು ವೈನಿನ ಕೆಲಸವೆಂದು ನೇರವಾಗಿಯೇ ಹೇಳುತ್ತಾರೆ.