ಕೆಮ್ಮದ ಕಣ್ಣು

ಹಿಂದೆ ರಾಜಮಹಾರಾಜರು ಬರುವಾಗ ಮುಂದೆ ಒಬ್ಬ ಕಹಳೆ ಊದಿಕೊಂಡು ಬರುತ್ತಿದ್ದನಂತೆ. ಕರೆಂಟಿನ ಮೀಟರ್ ಓದುವವನಿಗೆ ಅಂಥ ಪರಿವಾರ ಎಲ್ಲಿಂದ ಬರಬೇಕು? ಕೆಮ್ಮಣ್ಣ ಕಹಳೆಯನ್ನು ಗಂಟಲಲ್ಲೇ ಇಟ್ಟುಕೊಂಡಿದ್ದ. ಯಾರ ಗೇಟಿಗೆ ಕೈ ಹಾಕುವ ಮುಂಚೆಯೂ ಒಂದು ಸಲ ಕೆಮ್ಮುವುದು ಅವನ ವ್ರತ. ಅದೇನು ಸಾಮಾನ್ಯ ಕೆಮ್ಮೇ? ಹೊಕ್ಕಳಲ್ಲಿ ಹುಟ್ಟಿ, ಎದೆಗೂಡಿನಲ್ಲಿ ಉರುಳಾಡಿ, ಬಾಯಿಗೆ ಬರುವಷ್ಟರಲ್ಲಿ ಗುಡುಗಾಗಿರುತ್ತಿತ್ತು. ತಾರಸಿ ಮೇಲಿನ ಪಾರಿವಾಳಗಳು ಪಟಪಟನೆ ಏಳುತ್ತಿದ್ದವು. ತೊಟ್ಟಿಲಿನ ಮಗು ಬೆಚ್ಚಿಬಿದ್ದು ಅತ್ತು, ಓ ಇವನಾ ಅಂತ ಮತ್ತೆ ಮಲಗುತ್ತಿತ್ತು. ಹೆತ್ತವರು ಇಟ್ಟ ಹೆಸರು ಸಂಬಳ ಕೊಡುವವರಿಗೆ ಮಾತ್ರ ಗೊತ್ತು. ಊರಿಗೆಲ್ಲ ಅವನು ಕೆಮ್ಮಣ್ಣ.

ಸುಮ್ಮನೆ ಕೆಮ್ಮುತ್ತಿರಲಿಲ್ಲ. ಮೀಟರುಗಳು ಇರುವುದು ಹಿತ್ತಿಲಲ್ಲಿ, ಬಚ್ಚಲ ಪಕ್ಕ, ಅಡುಗೆಮನೆಯ ಮೂಲೆಯಲ್ಲಿ. ಮನುಷ್ಯರು ವೇಷ ಕಳಚಿಟ್ಟು ಇರುವ ಜಾಗಗಳಲ್ಲಿ. ಕೆಮ್ಮು ಕೇಳಿದ ಕೂಡಲೇ ಹಾವು ಮುಂಗುಸಿಯಾಗಿದ್ದ ಗಂಡಹೆಂಡತಿ ಹಾಲುಜೇನಾಗುತ್ತಿದ್ದರು, ಬನಿಯನ್ನಿನಲ್ಲಿದ್ದ ಮಾವ ಅಂಗಿಗೆ ತಡಕಾಡುತ್ತಿದ್ದರು, ಸಕ್ಕರೆ ಕಾಯಿಲೆಯ ಅಜ್ಜಿ ಸಕ್ಕರೆ ಡಬ್ಬಿಯ ಮುಚ್ಚಳ ಹಾಕುತ್ತಿದ್ದರು. ಅಷ್ಟಕ್ಕೆ ಸಮಯ ಕೊಟ್ಟೇ ಅವನು ಒಳಗೆ ಹೆಜ್ಜೆ ಇಡುತ್ತಿದ್ದ. ಆಯುಷ್ಯವೆಲ್ಲ ಊರಿನ ಹೊಟ್ಟೆಯೊಳಗೇ ಓಡಾಡಿದರೂ ಒಬ್ಬರ ಕರುಳನ್ನೂ ಅವನು ಕಂಡಿರಲಿಲ್ಲ.

ಸ್ವಂತ ಮನೆಗೂ ಇದೇ ಕಾನೂನು. ಹೆಂಡತಿಗೆ ದೊಡ್ಡ ಕಾಯಿಲೆ ಬಂದು, ಔಷಧಿಯ ಉರಿಗೆ ತಲೆಗೂದಲೆಲ್ಲ ಉದುರಿತ್ತು. ದಿನವಿಡೀ ತಲೆಗೆ ಬಟ್ಟೆ ಸುತ್ತಿಕೊಂಡಿರುವವಳು ಬೆಳಗಿನ ಹೊತ್ತು ಮಾತ್ರ ಅಂಗಳದಲ್ಲಿ, ಗೋಡೆಯ ಮರೆಯಲ್ಲಿ ಕುರ್ಚಿ ಹಾಕಿ, ಬಟ್ಟೆ ಬಿಚ್ಚಿ, ಬೋಳುತಲೆಯನ್ನು ಬಿಸಿಲಿಗೆ ಒಡ್ಡಿ ಕಣ್ಣು ಮುಚ್ಚಿ ಕೂರುತ್ತಿದ್ದಳು. ಅವಳ ಪಾಲಿಗೆ ದಿನದಲ್ಲಿ ಸುಖ ಅಂತ ಇದ್ದದ್ದು ಅದೊಂದೇ. ಅಂಗಳಕ್ಕೆ ಇಳಿಯುವ ಮುಂಚೆ ಗಂಡ ಕೆಮ್ಮುತ್ತಿದ್ದ. ಬಟ್ಟೆ ಸುತ್ತಿಕೊಳ್ಳುವುದು ಬಿಡುವುದು ಅವಳ ಇಷ್ಟ. ಕೆಲವು ದಿನ ಸುತ್ತಿಕೊಳ್ಳುತ್ತಿರಲಿಲ್ಲ.

ಹೀಗಿರುವಾಗ ಬೀದಿಗೆ ಕ್ಯಾಮೆರಾ ಬಂತು. ಕಂಬದ ತುದಿಯಲ್ಲಿ ಕೂತು ಕತ್ತು ತಿರುಗಿಸುವ ಗೂಬೆಯಂಥದ್ದು. ಬೇಡ ಅನ್ನಲು ಯಾರಿಗೂ ಬಾಯಿರಲಿಲ್ಲ. ಹಿಂದಿನ ವರ್ಷ ಮಾರ್ಕೆಟ್ಟಿನಲ್ಲಿ ಯಾರೋ ಬಾಂಬಿನ ಚೀಲ ಇಟ್ಟು ಹೋದಾಗ ಅದನ್ನು ಹಿಡಿದುಕೊಟ್ಟದ್ದು ಇಂಥದೇ ಗೂಬೆ. ಅವತ್ತು ಆ ಚೀಲದ ಪಕ್ಕದಲ್ಲೇ ಕೆಮ್ಮಣ್ಣ ಈರುಳ್ಳಿ ಆರಿಸುತ್ತಿದ್ದ.

ಒಂದು ದಿನ ಟೀ ಅಂಗಡಿಯಲ್ಲಿ ಕನ್ನಡಕದವನೊಬ್ಬ ಪಕ್ಕಕ್ಕೆ ಬಂದು ಕೂತ. ಕ್ಯಾಮೆರಾ ಕೋಣೆಯಲ್ಲಿ ಕೆಲಸ. ಒಳ್ಳೆಯ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ.

"ಅಕ್ಕನ ತಲೇಲಿ ಕೂದಲು ಚಿಗುರ್ತಾ ಇದೆ ಅಲ್ವಾ ಅಣ್ಣ? ಹೋದ ವಾರಕ್ಕಿಂತ ಈ ವಾರ ವಾಸಿ."

ಕೆಮ್ಮಣ್ಣ ಟೀ ಅರ್ಧಕ್ಕೇ ಬಿಟ್ಟು ಎದ್ದ. ಊರ ಗುಟ್ಟನ್ನೆಲ್ಲ ನೋಡದೆ ಬಿಟ್ಟವನಿಗೆ ಹೆಂಡತಿಯ ಎದುರು ಒಂದು ಗುಟ್ಟು ಬಚ್ಚಿಡಲು ಬರಲಿಲ್ಲ, ಮನೆಗೆ ಬಂದವನೇ ಹೇಳಿಬಿಟ್ಟ. ಅವಳು ತಲೆಬಟ್ಟೆಯ ಗಂಟು ಬಿಗಿ ಮಾಡಿಕೊಂಡಳು. ಮರುದಿನದಿಂದ ಅಂಗಳಕ್ಕೆ ಬರಲಿಲ್ಲ, ಅಷ್ಟೇ. ಕುರ್ಚಿಯನ್ನು ಪಕ್ಕದ ಮನೆಯ ಬೆಕ್ಕು ಹಿಡಿಯಿತು.

ಕ್ಯಾಮೆರಾದ ಮೂತಿಯನ್ನು ಒಂದು ಗೇಣು ಆಚೆ ತಿರುಗಿಸಿ ಅಂತ ಕೇಳಲು ಅವನು ಕ್ಯಾಮೆರಾದವರ ಕಚೇರಿಗೆ ಹೋದ. ಸಾಹೇಬರು ರಾಕ್ಷಸರೇನಲ್ಲ. ಕುರ್ಚಿ ಕೊಟ್ಟರು, ನೀರು ತರಿಸಿದರು, ಕಷ್ಟ ಹೇಳಿಕೊಂಡರು. ಅವನ ಗೋಡೆಯ ಆಚೆಗೇ ಊರಿನ ನೀರಿನ ಟ್ಯಾಂಕಿದೆ. ಮೂತಿ ತಿರುಗಿಸಿದ ದಿನವೇ ಯಾರಾದರೂ ಅದಕ್ಕೆ ವಿಷ ಹಾಕಿದರೆ ಜವಾಬ್ದಾರಿ ಯಾರದು? ಕೆಮ್ಮಣ್ಣ ಕೈಯಲ್ಲಿದ್ದ ಲೋಟ ನೋಡಿದ. ಅದೂ ಅದೇ ಟ್ಯಾಂಕಿನ ನೀರು. ವಾದ ಅಲ್ಲೇ ಅರ್ಧ ಸೋತಿತ್ತು.

"ನಿಮ್ಮಂಥೋರಿಗೆ ಮುಚ್ಚಿಡೋಕೆ ಏನಿದೆ ಹೇಳಿ?" ಅಂದರು ಸಾಹೇಬರು.

"ತಲೆ, ಸಾರ್."

ತಮ್ಮವರು ಟ್ಯಾಂಕು, ರಸ್ತೆ ಬಿಟ್ಟು ಬೇರೇನೂ ನೋಡುವುದಿಲ್ಲ ಎಂದು ಸಾಹೇಬರಿಗೆ ನಂಬಿಕೆ. ಆ ನಂಬಿಕೆಯ ಮೇಲೆ ಪಂದ್ಯವನ್ನೇ ಕಟ್ಟಿದರು. ಈಗಲೇ, ಹೇಳದೆ ಕೇಳದೆ ಕ್ಯಾಮೆರಾ ಕೋಣೆಗೆ ನುಗ್ಗೋಣ. ಯಾರದೇ ಮನೆಯ ಅಂಗಳವನ್ನು ದೊಡ್ಡದು ಮಾಡಿ ನೋಡುತ್ತಿರುವುದು ಕಣ್ಣಿಗೆ ಬಿದ್ದರೂ ಸರಿ, ಪರದೆಯ ಮೇಲೆ ಕೆಮ್ಮಣ್ಣನ ಅಂಗಳ ಕಾಣುವ ಮೂಲೆಗೆ ಇವತ್ತೇ ಕಪ್ಪು ಪಟ್ಟಿ ಹಾಕಿಸುತ್ತೇನೆ. ಬೀಳದಿದ್ದರೆ ಈ ಮಾತು ಇಲ್ಲಿಗೆ ಮುಗಿಯಿತು.

ದಂಡಯಾತ್ರೆ ಹೊರಟಿತು. ಮುಂದೆ ಬೂಟು ಬಿಚ್ಚಿ ಕೈಯಲ್ಲಿ ಹಿಡಿದ ಸಾಹೇಬರು, ಕಾಲುಚೀಲದ ತೂತಿನಿಂದ ಇಣುಕುವ ಹೆಬ್ಬೆರಳು. ಹಿಂದೆ ಚಪ್ಪಲಿ ಕಂಕುಳಲ್ಲಿಟ್ಟುಕೊಂಡ ಕೆಮ್ಮಣ್ಣ. ಹಾಲಿಗೆ ಬಾಯಿ ಹಾಕಲು ಹೊರಟ ಬೆಕ್ಕುಗಳೂ ಅಷ್ಟು ಮೆಲ್ಲಗೆ ನಡೆಯಲಾರವು. ಕಾರಿಡಾರಿನ ಕೊನೆಯಲ್ಲಿ ಮುಚ್ಚಿದ ಬಾಗಿಲು. ಒಳಗಿನಿಂದ ನಗು ಕೇಳುತ್ತಿತ್ತು, ನಾಲ್ಕು ಜನ ಒಂದೇ ಕಡೆ ಬಗ್ಗಿ ಏನನ್ನೋ ನೋಡುವಾಗ ಬರುವಂಥ ನಗು. ಸಾಹೇಬರ ಮುಖ ಸಣ್ಣಗಾಯಿತು. ಆದರೂ ಮಾತಿಗೆ ತಪ್ಪುವವರಲ್ಲ. ಹಿಡಿಯ ಮೇಲೆ ಕೈ ಇಟ್ಟರು.

ಆಗ ಕೆಮ್ಮಣ್ಣ ಕೆಮ್ಮಿದ.

ಗೋಡೆಯ ಗಡಿಯಾರ ಅದುರಿತು. ಒಳಗೆ ನಗು ಕತ್ತರಿಸಿದಂತೆ ನಿಂತಿತು, ಕುರ್ಚಿಗಳು ಕಿರ್ರನೆ ಸರಿದವು. ಬಾಗಿಲು ತೆರೆದಾಗ ಎಲ್ಲರ ಬೆನ್ನೂ ಅಳತೆಕೋಲಿನ ಹಾಗೆ ನೆಟ್ಟಗಿತ್ತು. ಪರದೆಗಳ ಮೇಲೆ ಟ್ಯಾಂಕು, ರಸ್ತೆ, ರಸ್ತೆ ದಾಟುವ ಒಂದು ನಾಯಿ. ಕನ್ನಡಕದವನು ಮಾತ್ರ ಕನ್ನಡಕ ತೆಗೆದು, ನಕ್ಕು ನಕ್ಕು ಬಂದ ಕಣ್ಣೀರು ಒರೆಸಿಕೊಳ್ಳುತ್ತಿದ್ದ.

"ನೋಡಿದ್ರಲ್ಲ," ಅಂದರು ಸಾಹೇಬರು, ಬೂಟು ಹಾಕಿಕೊಳ್ಳುತ್ತ. ಅವರ ದನಿಯಲ್ಲಿ ಗೆದ್ದ ಸಂತೋಷಕ್ಕಿಂತ ಬದುಕಿದೆಯಾ ಬಡಜೀವವೇ ಅನ್ನುವ ನೆಮ್ಮದಿಯೇ ಹೆಚ್ಚಿತ್ತು. ಕೊಟ್ಟ ಮಾತಿನಂತೆ ಆ ಮಾತು ಅಲ್ಲಿಗೆ ಮುಗಿಯಿತು.

ಮನೆಗೆ ಬಂದು, ಬಾಗಿಲಲ್ಲಿ ಕೆಮ್ಮಿ, ಒಳಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ. ಹೆಂಡತಿ ತಲೆಯ ಬಟ್ಟೆಯ ಒಳಗೆ ಬೆರಳು ತೂರಿಸಿ ಕೆರೆದುಕೊಳ್ಳುತ್ತ ಕೇಳಿಸಿಕೊಂಡಳು. ಕಿಟಕಿಯಾಚೆ ಬೆಕ್ಕು ಅವಳ ಕುರ್ಚಿಯಲ್ಲಿ ಹೊಟ್ಟೆ ಮೇಲೆ ಮಾಡಿ ಬಿಸಿಲು ಕಾಯುತ್ತಿತ್ತು.

"ರೀ, ಒಂದೇ ಒಂದು ಸಲ ಬಾಯಿ ಮುಚ್ಚಿಕೊಂಡು ಒಳಗೆ ಹೋಗೋಕೆ ಆಗ್ಲಿಲ್ವಾ? ಯಾಕ್ರೀ ಕೆಮ್ಮಿದ್ರಿ?"

"ಒಳಗೆ ಜನ ಇದ್ರು ಕಣೇ," ಅಂದ ಕೆಮ್ಮಣ್ಣ.